ಇಂಗ್ಲಿಷಿನಲ್ಲಿ ಅರ್ಜಿ ಬರೆಯುವ ನಮ್ಮ ಮಕ್ಕಳಿಗೆ



ಈ ಪುಟಗಳಲ್ಲಿ ಸಾಮಾನ್ಯವಾಗಿ ಜುಮಾ ಖುತ್ಬಾದ ಸಾರಾಂಶ ಬರೆಯುವ ನಾವು ಈ ತಿಂಗಳು ಒಂದು ಕಾಗದದ ಬಗ್ಗೆ ಬರೆಯುತ್ತಿದ್ದೇವೆ. ಮಸೀದಿಯ ಇಮಾಮರಿಗೂ ಕೆಲಸದ ಅರ್ಜಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಪೂರ್ತಿ ಓದಿದ ಮೇಲೆ ನೀವೇ ತೀರ್ಮಾನಿಸಿ.

ಕಳೆದ ಫೆಬ್ರವರಿಯ ಒಂದು ಶುಕ್ರವಾರ. ಜುಮಾ ಮುಗಿದು ಜನರೆಲ್ಲ ಹೊರಟ ಮೇಲೆ ನಮ್ಮ ಜಮಾಅತ್‌ನ ಒಬ್ಬ ಹುಡುಗ ಬಾಗಿಲ ಬಳಿ ಕಾಯುತ್ತಾ ನಿಂತಿದ್ದ. ಬಿ.ಕಾಂ. ಕೊನೆಯ ವರ್ಷ. ತಂದೆ ದಕ್ಕೆಯಲ್ಲಿ ಮೀನು ವ್ಯಾಪಾರಿ. "ಉಸ್ತಾದ್, ಒಂದು ಲೆಟರ್ ನೋಡಿ ಕೊಡ್ತೀರಾ? ಸೋಮವಾರದೊಳಗೆ ಕಳಿಸಬೇಕು" ಎಂದು ಮೊಬೈಲ್ ಮುಂದೆ ಹಿಡಿದ. ಪೇಟೆಯ ಒಬ್ಬ ಆಡಿಟರ್ ಕಚೇರಿಯಲ್ಲಿ ಇಂಟರ್ನ್‌ಶಿಪ್ ಕೇಳಿ ಬರೆದ ಇಂಗ್ಲಿಷ್ ಪತ್ರ ಅದು.

ಪತ್ರದ ಮೊದಲ ಅರ್ಧ 'ವಿತ್ ಡ್ಯೂ ರೆಸ್ಪೆಕ್ಟ್ ಅಂಡ್ ಹಂಬಲ್ ಸಬ್ಮಿಷನ್, ಐ ಬೆಗ್ ಟು ಸ್ಟೇಟ್' ಎಂದು ಶುರುವಾಗಿತ್ತು. ತಾನು ಬಡ ಕುಟುಂಬದವನು, ತಂದೆ ಸಾಮಾನ್ಯ ಮೀನು ವ್ಯಾಪಾರಿ, ಮನೆಯಲ್ಲಿ ಮೂವರು ತಂಗಿಯರಿದ್ದಾರೆ, ದಯವಿಟ್ಟು ಕೈ ಹಿಡಿಯಬೇಕು ಎಂದಿತ್ತು. ಎರಡನೇ ಅರ್ಧ ಎಲ್ಲಿಂದಲೋ ಎತ್ತಿದ್ದು. ಅದರಲ್ಲಿ ಅವನು 'ಡೈನಮಿಕ್', 'ರಿಸಲ್ಟ್ ಓರಿಯೆಂಟೆಡ್ ಪ್ರೊಫೆಷನಲ್' ಆಗಿಬಿಟ್ಟಿದ್ದ. ಅರ್ಧ ಪತ್ರ ಕೈ ಚಾಚಿತ್ತು, ಇನ್ನರ್ಧ ಎದೆ ಉಬ್ಬಿಸಿತ್ತು. ನಮಗೆ ಪರಿಚಯವಿದ್ದ ಹುಡುಗ ಮಾತ್ರ ಎಲ್ಲಿಯೂ ಕಾಣಲಿಲ್ಲ.

"ಇದರಲ್ಲಿ ನೀನೆಲ್ಲಿದ್ದೀಯಾ?" ಎಂದು ಕೇಳಿದೆವು. ಅವನು ತಲೆ ತಗ್ಗಿಸಿ, "ನನಗೆ ಅಷ್ಟು ಇಂಗ್ಲಿಷ್ ಬರುವುದಿಲ್ಲ ಉಸ್ತಾದ್" ಎಂದ.

ಆ ಸಂಜೆ ಮಗ್ರಿಬ್‌ನಿಂದ ಇಶಾದವರೆಗೆ ಮಸೀದಿಯ ಪಕ್ಕದ ಕೋಣೆಯಲ್ಲಿ ಕುಳಿತು ಆ ಪತ್ರವನ್ನು ಮತ್ತೆ ಬರೆದೆವು. ಆಗ ನಾವಿಬ್ಬರೂ ಕಲಿತದ್ದನ್ನು, ಆಮೇಲೆ ಬಂದ ಇತರ ಮಕ್ಕಳೊಂದಿಗೆ ಕುಳಿತು ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಏನಿದು ಕವರಿಂಗ್ ಲೆಟರ್?

ತಂದೆ ತಾಯಂದಿರಿಗಾಗಿ ಮೊದಲು ಎರಡು ಮಾತು. ಇಂಟರ್ನ್‌ಶಿಪ್ ಎಂದರೆ ಓದಿನ ಜೊತೆಗೆ ಅಥವಾ ಓದು ಮುಗಿದ ಕೂಡಲೇ ಒಂದು ಕಚೇರಿ ಇಲ್ಲವೇ ಕಾರ್ಖಾನೆಯಲ್ಲಿ ಕೆಲವು ವಾರ ಅಥವಾ ತಿಂಗಳು ಇದ್ದು ಕೆಲಸ ಕಲಿಯುವುದು. ಕೆಲವು ಕಡೆ ಸಣ್ಣ ಭತ್ಯೆ ಕೊಡುತ್ತಾರೆ, ಕೆಲವು ಕಡೆ ಏನೂ ಇಲ್ಲ. ಹಿಂದೆ ಇದು ದೊಡ್ಡ ಊರಿನ ದೊಡ್ಡ ಕಾಲೇಜಿನವರ ಮಾತಾಗಿತ್ತು. ಈಗ ಇಂಜಿನಿಯರಿಂಗ್ ಹಾಗೂ ಡಿಪ್ಲೊಮಾದ ಪಠ್ಯಕ್ರಮದಲ್ಲೇ ಇಂಟರ್ನ್‌ಶಿಪ್ ಸೇರಿದೆ, ಪದವಿ ಕಾಲೇಜುಗಳಲ್ಲೂ ಕೇಳುತ್ತಾರೆ. 2024ರ ಅಕ್ಟೋಬರ್‌ನಲ್ಲಿ ಕೇಂದ್ರ ಸರಕಾರವು ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆಯನ್ನು ಆರಂಭಿಸಿತು. 21ರಿಂದ 24 ವರ್ಷದ ಯುವಕ ಯುವತಿಯರಿಗೆ ದೇಶದ 500 ದೊಡ್ಡ ಕಂಪೆನಿಗಳಲ್ಲಿ 12 ತಿಂಗಳ ಅವಕಾಶ, ತಿಂಗಳಿಗೆ 5,000 ರೂಪಾಯಿ ಎಂದು ಆಗ ಪ್ರಕಟಿಸಲಾಯಿತು. ಅಂದರೆ ಈ ವಿಷಯ ಈಗ ನಮ್ಮ ಮನೆಗಳ ಬಾಗಿಲಿಗೂ ಬಂದಿದೆ.

ಇಂಟರ್ನ್‌ಶಿಪ್ ಕೇಳುವಾಗ ಎರಡು ಕಾಗದ ಬೇಕು. ಒಂದು ಬಯೋಡೇಟಾ. ಅದರಲ್ಲಿ ಹೆಸರು, ವಿಳಾಸ, ಓದು, ಅಂಕ ಎಲ್ಲ ಪಟ್ಟಿಯಾಗಿರುತ್ತದೆ. ಇನ್ನೊಂದು ಅದರ ಮೇಲಿಡುವ ಒಂದು ಪುಟದ ಪತ್ರ, ಅದೇ ಕವರಿಂಗ್ ಲೆಟರ್. ಬಯೋಡೇಟಾ ಪಟ್ಟಿ, ಪತ್ರ ಮಾತು. ಹಲವು ಕಚೇರಿಗಳಲ್ಲಿ ಬಯೋಡೇಟಾ ತೆರೆಯುವ ಮೊದಲು ಈ ಪತ್ರವನ್ನೇ ಓದುತ್ತಾರೆ. ನಮ್ಮ ಮಕ್ಕಳು ಮುಗ್ಗರಿಸುವುದೂ ಅಲ್ಲೇ.

ನಾಲ್ಕು ಭಾಷೆಯ ಮಕ್ಕಳು

ನಮ್ಮ ಕರಾವಳಿಯ ಒಂದು ಮಗುವಿನ ದಿನ ನೋಡಿ. ಮನೆಯಲ್ಲಿ ಉಮ್ಮನೊಂದಿಗೆ ಬ್ಯಾರಿ, ಮದ್ರಸದಲ್ಲಿ ಅರಬಿ, ಅಂಗಡಿಯಲ್ಲಿ ತುಳು, ಶಾಲೆಯಲ್ಲಿ ಕನ್ನಡ. ಘಟ್ಟದ ಮೇಲಿನ ಮಕ್ಕಳಾದರೆ ಮನೆಯಲ್ಲಿ ಉರ್ದು. ಇಷ್ಟೆಲ್ಲ ಆದ ಮೇಲೆ ಇಂಗ್ಲಿಷ್. ಲೆಕ್ಕಕ್ಕೆ ಅದನ್ನು ಎರಡನೇ ಭಾಷೆ ಎನ್ನುತ್ತೇವೆ. ನಿಜ ಹೇಳುವುದಾದರೆ ಎಷ್ಟೋ ಮಕ್ಕಳಿಗೆ ಅದು ನಾಲ್ಕನೆಯದೋ ಐದನೆಯದೋ.

ಶಬ್ದ ಗೊತ್ತಿಲ್ಲದಿರುವುದು ಸಣ್ಣ ತೊಂದರೆ, ಅದಕ್ಕೆ ನಿಘಂಟು ಇದೆ. ದೊಡ್ಡ ತೊಂದರೆ ಬೇರೆ. ಪ್ರತಿ ಭಾಷೆಗೂ ಅದರದೇ ಅದಬು ಇದೆ. ಕನ್ನಡದಲ್ಲಿ ಅರ್ಜಿ ಬರೆಯುವಾಗ 'ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಮ್ರವಾಗಿ ವಿನಂತಿಸಿಕೊಳ್ಳುವುದೇನೆಂದರೆ' ಎಂದು ಶುರು ಮಾಡುತ್ತೇವೆ. ಉರ್ದುವಿನಲ್ಲಿ 'ಜನಾಬೆ ಆಲಿ, ಗುಜಾರಿಶ್ ಹೈ ಕೆ' ಎನ್ನುತ್ತೇವೆ. ಆ ಭಾಷೆಗಳಲ್ಲಿ ಅದು ಮರ್ಯಾದೆ, ಓದುವವರಿಗೆ ಅದರಲ್ಲಿ ದೈನ್ಯ ಕಾಣುವುದಿಲ್ಲ. ಅದನ್ನೇ ಇಂಗ್ಲಿಷಿಗೆ ಎತ್ತಿಟ್ಟರೆ 'ಐ ಬೆಗ್' ಎಂದಾಗುತ್ತದೆ. ಇಂದಿನ ಕಚೇರಿಯ ಇಂಗ್ಲಿಷಿನಲ್ಲಿ ಬೆಗ್ ಎಂದರೆ ಭಿಕ್ಷೆ. ಮರ್ಯಾದೆಯಿಂದ ಹೊರಟ ಮಾತು ಭಿಕ್ಷೆಯಾಗಿ ತಲುಪುತ್ತದೆ.

ಅರ್ಜಿ ಎಂಬ ಶಬ್ದವನ್ನೇ ತೆಗೆದುಕೊಳ್ಳಿ. ಜಿಲ್ಲೆ, ತಾಲೂಕು, ವಕೀಲ ಇವುಗಳಂತೆ ಅದೂ ಅರಬಿಯಿಂದ ಪಾರ್ಸಿಯ ದಾರಿಯಾಗಿ ನಮ್ಮ ಕಚೇರಿಗೆ ಬಂದ ಶಬ್ದ. ಅರಬಿಯ ಮೂಲದಲ್ಲಿ ಅದರ ಅರ್ಥ ಮುಂದಿಡುವುದು, ತೋರಿಸುವುದು. ವ್ಯಾಪಾರಿ ಸರಕನ್ನು ಗಿರಾಕಿಯ ಮುಂದೆ ಹರಡಿ ತೋರಿಸುವುದಕ್ಕೂ ಅರಬಿಯಲ್ಲಿ ಅದೇ ಶಬ್ದ. ಅಲ್ಲಿ ಬೇಡುವ ಮಾತೇ ಇಲ್ಲ. ನಮ್ಮ ಮಕ್ಕಳು ಇಂಗ್ಲಿಷಿನಲ್ಲಿ ಬರೆಯಬೇಕಾದದ್ದು ಈ ಅರ್ಥದ ಅರ್ಜಿ. 'ನನ್ನಲ್ಲಿ ಇಷ್ಟಿದೆ, ನೋಡಿ' ಎಂದು ಮುಂದಿಟ್ಟು ಸುಮ್ಮನಾಗುವುದು.

ಓದುವವರ ಅದಬಿಗೆ ತಕ್ಕಂತೆ ಬರೆಯುವುದು ನಮಗೆ ಹೊಸದೂ ಅಲ್ಲ. ಪ್ರವಾದಿ(ಸ)ರು ರೋಮಿನ ದೊರೆಗೆ ಪತ್ರ ಬರೆಸಲು ಹೊರಟಾಗ, ಮುದ್ರೆಯಿಲ್ಲದ ಪತ್ರವನ್ನು ಅವರು ಓದುವುದಿಲ್ಲ ಎಂದು ಸಹಾಬಿಗಳು ತಿಳಿಸಿದರು. ಆಗ ಪ್ರವಾದಿ(ಸ)ರು ಬೆಳ್ಳಿಯ ಮುದ್ರೆಯುಂಗುರ ಮಾಡಿಸಿಕೊಂಡರು. ಯಹೂದಿಯರ ಬರಹವನ್ನು ಕಲಿಯುವಂತೆ ಝೈದ್ ಬಿನ್ ಸಾಬಿತ್(ರ) ಅವರಿಗೆ ಸೂಚಿಸಿದರು. ಅವರು ಅಲ್ಪ ಕಾಲದಲ್ಲೇ ಕಲಿತರು. ಪತ್ರ ಹೋಗುವ ಕಡೆಯ ರೀತಿಯನ್ನು ತಿಳಿದು ಬರೆದರು. ಹಾಗೆಂದು ಹೇಳಬೇಕಾದ ವಿಷಯದಲ್ಲಿ ಒಂದಕ್ಷರವನ್ನೂ ಬದಲಿಸಲಿಲ್ಲ.

ನಮ್ಮದೇ ಒಂದು ಪಾಠ

ಬೇರೆಯವರ ತಪ್ಪು ಹೇಳುವ ಮೊದಲು ನಮ್ಮದನ್ನು ಹೇಳಬೇಕು. ಮದ್ರಸದ ಓದು ಮುಗಿಸಿ, ಆಮೇಲೆ ಬಿ.ಎ. ಮಾಡಿಕೊಂಡ ಹೊಸತರಲ್ಲಿ ನಾವು ಒಂದು ಶಾಲೆಗೆ ಇಂಗ್ಲಿಷಿನಲ್ಲಿ ಅರ್ಜಿ ಹಾಕಿದೆವು. ಬಸ್‌ಸ್ಟ್ಯಾಂಡಿನ ಪುಸ್ತಕದಂಗಡಿಯಲ್ಲಿ ಪತ್ರ ಬರೆಯಲು ಕಲಿಸುವ ಪುಸ್ತಕವೊಂದನ್ನು ಕೊಂಡು, ಅದರ ಒಂದು ಮಾದರಿಯನ್ನು ಹೆಸರು ಬದಲಿಸಿ ನಕಲು ಮಾಡಿದೆವು. ಅದರಲ್ಲಿ 'ಪ್ರೊಫಿಷಿಯೆಂಟ್' ಎಂಬ ಶಬ್ದವಿತ್ತು. ನೋಡಲು ಗಂಭೀರವಾಗಿದೆ ಎಂದು ಹಾಗೆಯೇ ಬಿಟ್ಟೆವು.

ಸಂದರ್ಶನದಲ್ಲಿ ಕುಳಿತಿದ್ದ ಹಿರಿಯರು ಪತ್ರ ನೋಡುತ್ತಾ, "ಯಾವ ಯಾವ ವಿಷಯದಲ್ಲಿ ನೀವು ಪ್ರೊಫಿಷಿಯೆಂಟ್?" ಎಂದು ಸಹಜವಾಗಿ ಕೇಳಿದರು. ನಮಗೆ ಆ ಶಬ್ದದ ಅರ್ಥವೇ ಗೊತ್ತಿರಲಿಲ್ಲ. ಅವರು ನಗಲಿಲ್ಲ, ಬೈಯಲಿಲ್ಲ, ಪತ್ರವನ್ನು ಮಡಚಿ ಮೇಜಿನ ಮೇಲಿಟ್ಟರು. ಕೆಲಸ ಸಿಗಲಿಲ್ಲ. ಅದಕ್ಕಿಂತ ಹೆಚ್ಚು ನೋವಾದದ್ದು ಬೇರೆ ಕಾರಣಕ್ಕೆ. ಅರಬಿ ವ್ಯಾಕರಣವನ್ನು ಏಳು ವರ್ಷ ಓದಿದ್ದೆವು, ಚಿಕ್ಕ ಮಕ್ಕಳಿಗೆ ಎರಡು ವರ್ಷ ಕಲಿಸಿದ್ದೆವು, ಅದನ್ನು ಆ ಪತ್ರದಲ್ಲಿ ಒಂದೇ ಸಾಲಿನಲ್ಲೂ ಬರೆದಿರಲಿಲ್ಲ. ಇಲ್ಲದ್ದನ್ನು ಬರೆದು ಇದ್ದದ್ದನ್ನು ಮುಚ್ಚಿಟ್ಟಿದ್ದೆವು.

ಮೊದಲು ಕನ್ನಡದಲ್ಲಿ

ಆದ್ದರಿಂದ ಆ ಹುಡುಗನಿಗೆ ಮೊಬೈಲ್ ಬದಿಗಿಡಲು ಹೇಳಿ ಒಂದು ಹಾಳೆ ಕೊಟ್ಟೆವು. ಇಂಗ್ಲಿಷ್ ಬೇಡ, ನಾಲ್ಕು ಪ್ರಶ್ನೆಗಳಿಗೆ ಕನ್ನಡದಲ್ಲಿ ಉತ್ತರ ಬರೆ ಎಂದೆವು. ನೀನು ಯಾರು? ಅವರ ಕಚೇರಿಯಲ್ಲಿ ಏನು ಕಲಿಯಬೇಕೆಂದಿದ್ದೀಯ, ಅವರಲ್ಲೇ ಯಾಕೆ? ಆ ಕೆಲಸಕ್ಕೆ ಹತ್ತಿರವಾದ ಏನನ್ನಾದರೂ ಈಗಾಗಲೇ ಮಾಡಿದ್ದೀಯಾ? ಯಾವಾಗಿನಿಂದ, ಎಷ್ಟು ಕಾಲ ಬರಬಲ್ಲೆ?

ಮೊದಲೆರಡಕ್ಕೆ ಬರೆದ. ಮೂರನೆಯದರಲ್ಲಿ ನಿಂತ. "ನಾನೇನೂ ಮಾಡಿಲ್ಲ ಉಸ್ತಾದ್, ಕಾಲೇಜು, ಮನೆ ಅಷ್ಟೆ" ಎಂದ.

"ಬೆಳಿಗ್ಗೆ ತಂದೆಯ ಜೊತೆ ದಕ್ಕೆಗೆ ಹೋಗುವುದಿಲ್ಲವೇ?"

"ಹೋಗುತ್ತೇನೆ. ಲೆಕ್ಕ ಬರೆಯುವುದು ನಾನೇ. ಅದು ಕೆಲಸವಲ್ಲವಲ್ಲ, ಮನೆಯದ್ದು."

ಯಾವ ಲೆಕ್ಕ ಎಂದು ಕೇಳಿದಾಗ ಅವನ ಮಾತು ಬಿಚ್ಚಿಕೊಂಡಿತು. ಏಲಂನಲ್ಲಿ ಯಾವ ಬೋಟಿನ ಮೀನು ಎಷ್ಟಕ್ಕೆ ಕೊಂಡದ್ದು, ಬಂಗುಡೆ ಎಷ್ಟು ಬಾಕ್ಸ್, ಬೂತಾಯಿ ಎಷ್ಟು, ಮಂಜುಗಡ್ಡೆಗೆ ಎಷ್ಟು, ಟೆಂಪೊ ಬಾಡಿಗೆ ಎಷ್ಟು, ಯಾವ ಹೋಟೆಲಿನ ಬಾಕಿ ಎಷ್ಟು. ಮೊದಲು ಪುಸ್ತಕದಲ್ಲಿ ಬರೆಯುತ್ತಿದ್ದ, ಎರಡನೇ ವರ್ಷದಲ್ಲಿ ಎಕ್ಸೆಲ್‌ಗೆ ಹಾಕಿದ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದೆ. ವ್ಯಾಪಾರ ನಿಂತ ಮೇಲೆ ಬಾಕಿ ವಸೂಲಿ ಕಷ್ಟ. ಆದ್ದರಿಂದ ಏಪ್ರಿಲ್‌ನಲ್ಲೇ ಯಾರ ಬಾಕಿ ಎಷ್ಟು ದಿನದ್ದು ಎಂದು ಪಟ್ಟಿ ಮಾಡಿ, ಹಳೆಯ ಬಾಕಿಯವರಿಗೆ ಮೊದಲು ಫೋನ್ ಮಾಡುತ್ತಾನೆ. ಮೂರು ವರ್ಷದಿಂದ ಇದನ್ನು ಮಾಡುತ್ತಿದ್ದಾನೆ!

ಓದುಗರೇ, ಆಡಿಟರ್ ಕಚೇರಿಗೆ ಬೇಕಾದದ್ದು ಇದೇ ಅಲ್ಲವೇ? ಮೊದಲ ಪತ್ರದಲ್ಲಿ ತಂದೆಯ ಮೀನು ವ್ಯಾಪಾರವನ್ನು ಬಡತನದ ಸಾಕ್ಷಿಯಾಗಿ ಬರೆದಿದ್ದ. ಅದೇ ವ್ಯಾಪಾರ ಅವನಿಗೆ ಲೆಕ್ಕ ಕಲಿಸಿದ ಶಾಲೆ ಎಂಬುದು ಅವನಿಗೇ ತಿಳಿದಿರಲಿಲ್ಲ.

ನಾಲ್ಕನೇ ಪ್ರಶ್ನೆಯ ಉತ್ತರವೂ ಅಲ್ಲಿಂದಲೇ ಬಂತು. ಜೂನ್, ಜುಲೈನಲ್ಲಿ ದಕ್ಕೆಯ ಕೆಲಸವಿಲ್ಲ, ಆದ್ದರಿಂದ ಪೂರ್ತಿ ದಿನ ಬರಬಲ್ಲ. ವ್ಯಕ್ತಿಗಳ ಆದಾಯ ತೆರಿಗೆ ರಿಟರ್ನ್‌ಗೆ ಸಾಮಾನ್ಯವಾಗಿ ಜುಲೈ 31 ಗಡುವು. ಆಡಿಟರ್‌ಗಳಿಗೆ ಕೈ ಸಾಲದ ಕಾಲವದು. ಇವನಿಗೆ ಬಿಡುವಿದ್ದಾಗಲೇ ಅವರಿಗೆ ಜನ ಬೇಕು.

ನಮ್ಮ ಪ್ರತಿ ಮನೆಯಲ್ಲೂ ಇಂಥದ್ದೊಂದು ಇರುತ್ತದೆ. ಮಸೀದಿಯ ಇಫ್ತಾರಿನ ಖರ್ಚು ಬರೆದ ಹುಡುಗ, ಫಿತ್ರ್ ಝಕಾತಿನ ಅಕ್ಕಿ ಹಂಚಲು ಮನೆಗಳ ಪಟ್ಟಿ ಮಾಡಿದ ಹುಡುಗ, ನೆರೆಮನೆಯ ಮಕ್ಕಳಿಗೆ ಗಣಿತ ಹೇಳಿಕೊಡುವ ಹುಡುಗಿ, ಹೊಲಿಗೆ ಮಾಡುವ ಉಮ್ಮನ ಆರ್ಡರ್‌ಗಳನ್ನು ವಾಟ್ಸಾಪಿನಲ್ಲಿ ನೋಡಿಕೊಳ್ಳುವ ಹುಡುಗಿ. 'ಮನೆಯದ್ದು' ಎಂದು ಇದನ್ನು ಬಿಡಬೇಡಿ. ಏನು ಮಾಡಿದಿರಿ, ಎಷ್ಟು ಕಾಲ ಮಾಡಿದಿರಿ ಎಂದು ಬರೆಯಿರಿ. 'ನಾನು ಶ್ರಮಜೀವಿ' ಎಂದು ಯಾರು ಬೇಕಾದರೂ ಬರೆಯಬಹುದು. 'ಮೂರು ವರ್ಷ ಲೆಕ್ಕ ಬರೆದೆ' ಎಂದು ಬರೆಯಲು ಮೂರು ವರ್ಷ ಬರೆದಿರಬೇಕು.

ಕನ್ನಡದಿಂದ ಇಂಗ್ಲಿಷಿಗೆ

ಹಾಳೆಯಲ್ಲಿ ಕೊನೆಗೆ ಉಳಿದದ್ದು ಇಷ್ಟು:

'ನಾನು ಬಿ.ಕಾಂ. ಕೊನೆಯ ವರ್ಷದ ವಿದ್ಯಾರ್ಥಿ. ತಮ್ಮ ಕಚೇರಿಯಲ್ಲಿ ಜೂನ್ ಮತ್ತು ಜುಲೈ ತಿಂಗಳು ಇಂಟರ್ನ್ ಆಗಿ ಕೆಲಸ ಕಲಿಯಲು ಬಯಸುತ್ತೇನೆ. ಮೂರು ವರ್ಷದಿಂದ ನನ್ನ ತಂದೆಯ ಮೀನು ವ್ಯಾಪಾರದ ಲೆಕ್ಕವನ್ನು ನಾನು ಬರೆಯುತ್ತಿದ್ದೇನೆ. ಖರೀದಿ, ಖರ್ಚು ಮತ್ತು ಗಿರಾಕಿಗಳ ಬಾಕಿಯನ್ನು ಎಕ್ಸೆಲ್‌ನಲ್ಲಿ ಇಡುತ್ತೇನೆ. ತಾಜಾ ಮೀನಿಗೆ ಜಿಎಸ್‌ಟಿ ಇಲ್ಲದ ಕಾರಣ ಜಿಎಸ್‌ಟಿ ರಿಟರ್ನ್ ಸಲ್ಲಿಸಿದ ಅನುಭವ ನನಗಿಲ್ಲ. ಅದನ್ನು ತಮ್ಮಲ್ಲಿ ಕಲಿಯಬೇಕೆಂದಿದ್ದೇನೆ. ಕನ್ನಡ, ತುಳು, ಬ್ಯಾರಿ ಮತ್ತು ಹಿಂದಿ ಮಾತನಾಡುತ್ತೇನೆ. ಇಂಗ್ಲಿಷ್ ಓದಿ ಅರ್ಥ ಮಾಡಿಕೊಳ್ಳುತ್ತೇನೆ. ಬಯೋಡೇಟಾ ಜೊತೆಗಿದೆ. ತಾವು ಹೇಳಿದ ದಿನ ಬಂದು ಭೇಟಿಯಾಗುತ್ತೇನೆ.'

ಇದರಲ್ಲಿ ಭಾರೀ ಶಬ್ದ ಒಂದೂ ಇಲ್ಲ. ಆದ್ದರಿಂದ ಇಂಗ್ಲಿಷಿಗೆ ತರಲು ಅವನಿಗೆ ಯಾರೂ ಬೇಕಾಗಲಿಲ್ಲ. 'ಫಾರ್ ತ್ರೀ ಇಯರ್ಸ್ ಐ ಹ್ಯಾವ್ ಕೆಪ್ಟ್ ದ ಅಕೌಂಟ್ಸ್ ಆಫ್ ಮೈ ಫಾದರ್ಸ್ ಫಿಶ್ ಬಿಸಿನೆಸ್' ಎಂದು ತಾನೇ ಬರೆದ. 'ಕೆಪ್ಟ್' ಎಂಬ ಒಂದು ಶಬ್ದವನ್ನಷ್ಟೇ ನಾವು ಹೇಳಿದೆವು. ಇಂಗ್ಲಿಷಿನಲ್ಲಿ ಲೆಕ್ಕವನ್ನು ಬರೆಯುವುದಿಲ್ಲ, 'ಇಡುತ್ತಾರೆ'.

ಹೀಗೆ ತರುವಾಗ ಕೆಲವು ಮಾತು ನೆನಪಿರಲಿ.

ಒಂದನೆಯದು, ವಾಕ್ಯದ ಉದ್ದ. ಕನ್ನಡದಲ್ಲಿ 'ಪಿಯುಸಿ ಮುಗಿಸಿ, ಬಿ.ಕಾಂ. ಸೇರಿ, ಲೆಕ್ಕ ಕಲಿತು, ಈಗ ಇಂಟರ್ನ್‌ಶಿಪ್ ಹುಡುಕುತ್ತಿದ್ದೇನೆ' ಎಂದು ಕ್ರಿಯೆಗಳನ್ನು ಸರದಂತೆ ಪೋಣಿಸಬಹುದು, ಕೊನೆಯ ಕ್ರಿಯಾಪದ ಎಲ್ಲವನ್ನೂ ಹಿಡಿದಿಡುತ್ತದೆ. ಇಂಗ್ಲಿಷಿನಲ್ಲಿ ಈ ಸರ ಹರಿಯುತ್ತದೆ. ಅಲ್ಲಿ ಕ್ರಿಯಾಪದ ಕರ್ತೃವಿನ ಹಿಂದೆಯೇ ಬರಬೇಕು. ಒಂದು ಸಂಗತಿಗೆ ಒಂದು ವಾಕ್ಯ ಎಂದಿಟ್ಟುಕೊಂಡರೆ ಅರ್ಧ ತಪ್ಪುಗಳು ತಾವೇ ಹೋಗುತ್ತವೆ.

ಎರಡನೆಯದು, 'ಹ್ಯಾವಿಂಗ್'. 'ನನಗೆ ಅನುಭವ ಇದೆ' ಎಂಬುದನ್ನು ನಮ್ಮ ಮಕ್ಕಳು 'ಐ ಆಮ್ ಹ್ಯಾವಿಂಗ್' ಎಂದು ಬರೆಯುತ್ತಾರೆ. 'ಐ ಹ್ಯಾವ್' ಸಾಕು. ಹಾಗೆಯೇ 'ಐ ಆಮ್ ನೋಯಿಂಗ್' ತಪ್ಪು, 'ಐ ನೋ' ಸರಿ.

ಮೂರನೆಯದು, 'ಎ' ಮತ್ತು 'ದ'. ಕನ್ನಡದಲ್ಲಿ ಇವು ಇಲ್ಲ, ಅದಕ್ಕೇ ಬಿಟ್ಟುಹೋಗುತ್ತವೆ. ಬರೆದು ಮುಗಿಸಿದ ಮೇಲೆ ಇವೆರಡಕ್ಕಾಗಿಯೇ ಪತ್ರವನ್ನು ಇನ್ನೊಮ್ಮೆ ಓದಿ. ಒಂದೆರಡು ತಪ್ಪಿ ಹೋದರೆ ಹೆದರಬೇಡಿ. ಕಲಿಯಲು ಬರುವ ವಿದ್ಯಾರ್ಥಿಯಲ್ಲಿ ಒಂದು 'ದ' ಬಿಟ್ಟುಹೋದದ್ದನ್ನು ಕ್ಷಮಿಸುವ ಜನ ಬಹಳಷ್ಟಿದ್ದಾರೆ. ಆದರೆ ಕಂಪೆನಿಯ ಹೆಸರನ್ನೇ ತಪ್ಪು ಬರೆದರೆ ಕ್ಷಮೆ ಕಷ್ಟ.

ನಾಲ್ಕನೆಯದು, 'ಕೈಂಡ್ಲಿ ಡು ದ ನೀಡ್‌ಫುಲ್'. ಸರಕಾರಿ ಕಚೇರಿಯ ಹಳೆಯ ಕಾಗದಗಳಿಂದ ನಮಗಂಟಿದ ಮಾತಿದು. ಏನು ಬೇಕೋ ಅದನ್ನೇ ಕೇಳಿ: 'ಒಮ್ಮೆ ಭೇಟಿಗೆ ಅವಕಾಶ ಕೊಟ್ಟರೆ ಕೃತಜ್ಞನಾಗಿರುತ್ತೇನೆ.' ಇದಕ್ಕಿಂತ ಹೆಚ್ಚಿನ ವಿನಯ ಬೇಕಿಲ್ಲ.

'ಡಿಯರ್' ಎಂದು ಬರೆಯುವುದು ಹೇಗೆ?

ಈ ವಿಷಯ ಜಮಾಅತ್‌ನಲ್ಲಿ ಹಬ್ಬಿದ ಮೇಲೆ ಬಿ.ಸಿ.ಎ. ಓದುವ ಒಬ್ಬಳು ಹುಡುಗಿ ತನ್ನ ಉಮ್ಮನೊಂದಿಗೆ ಬಂದಳು. ಪತ್ರ ಚೆನ್ನಾಗಿತ್ತು, ಆರಂಭದ ಸಾಲು ಮಾತ್ರ ಖಾಲಿ. ಕೇಳಿದರೆ ಉಮ್ಮನೇ ಉತ್ತರಿಸಿದರು: "ಗುರುತು ಪರಿಚಯವಿಲ್ಲದ ಗಂಡಸರಿಗೆ 'ಡಿಯರ್' ಎಂದು ಬರೆಯಬೇಕಂತೆ ಉಸ್ತಾದ್. ಕೊನೆಯಲ್ಲಿ 'ಯುವರ್ಸ್' ಅಂತೆ. ಇದು ಸರಿಯೇ?"

ಪ್ರಶ್ನೆ ಕೇಳಿ ನಗಬೇಡಿ. ಶಬ್ದವನ್ನು ಅದರ ಅರ್ಥದೊಂದಿಗೆ ತೂಗಿ ನೋಡುವವರು ಮಾತ್ರ ಕೇಳುವ ಪ್ರಶ್ನೆ ಇದು. ನಾವು ವಿವರಿಸಿದೆವು. ಇಂಗ್ಲಿಷ್ ಪತ್ರದಲ್ಲಿ 'ಡಿಯರ್' ಎಂದರೆ ನಮ್ಮ 'ಮಾನ್ಯರೇ' ಎಂಬಷ್ಟೇ. 'ಯುವರ್ಸ್ ಫೇತ್‌ಫುಲಿ' ಎಂದರೆ 'ಇತಿ ತಮ್ಮ ವಿಶ್ವಾಸಿ'. 'ತಮ್ಮ' ಎಂದು ಬರೆದುದರಿಂದ ನಾವು ಅವರವರಾಗುವುದಿಲ್ಲ. ಹೆಸರು ಗೊತ್ತಿಲ್ಲದಿದ್ದರೆ 'ಡಿಯರ್ ಸರ್ ಆರ್ ಮೇಡಮ್' ಎಂದು ಶುರು ಮಾಡಿ 'ಯುವರ್ಸ್ ಫೇತ್‌ಫುಲಿ' ಎಂದು ಮುಗಿಸುವುದು ವಾಡಿಕೆ. ಹೆಸರು ಗೊತ್ತಿದ್ದರೆ ಹೆಸರು ಬರೆದು 'ಯುವರ್ಸ್ ಸಿನ್ಸಿಯರ್ಲಿ' ಎನ್ನಬೇಕು. ಶಾಲೆಯಲ್ಲಿ ಕಲಿತ 'ಯುವರ್ಸ್ ಒಬಿಡಿಯಂಟ್ಲಿ'ಯನ್ನು ಶಾಲೆಯ ರಜಾ ಅರ್ಜಿಗೇ ಬಿಡಿ. ಇಬ್ಬರಿಗೂ ಸಮಾಧಾನವಾಯಿತು. ಖಾಲಿ ಸಾಲು ಅಲ್ಲೇ ತುಂಬಿತು.

ಕಷ್ಟವನ್ನು ಎಲ್ಲಿ ಬರೆಯಬೇಕು?

ಬಡತನವನ್ನು ಬರೆಯಬಾರದು ಎಂದರೆ ಅದು ಅವಮಾನ ಎಂದರ್ಥವಲ್ಲ. ಕಷ್ಟ ಹೇಳಿಕೊಳ್ಳಲು ಸರಿಯಾದ ಜಾಗಗಳಿವೆ. ವಿದ್ಯಾರ್ಥಿವೇತನದ ಅರ್ಜಿಯಲ್ಲಿ ಬರೆಯಿರಿ. ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ 'ಅರಿವು' ಶಿಕ್ಷಣ ಸಾಲಕ್ಕೆ ಅರ್ಜಿ ಹಾಕುವಾಗ ಆದಾಯ ಪ್ರಮಾಣಪತ್ರ ಸಮೇತ ಹೇಳಿ. ಅಲ್ಲಿ ಅವರು ತಿಳಿಯಬೇಕಾದದ್ದೇ ಅದು. ಇಂಟರ್ನ್‌ಶಿಪ್ ಕೊಡುವವರ ಪ್ರಶ್ನೆ ಬೇರೆ. ಈ ಹುಡುಗ ನಮ್ಮಲ್ಲಿ ಏನು ಕಲಿತಾನು, ನಮಗೆ ಏನು ಮಾಡಿಕೊಟ್ಟಾನು ಎಂದು ಅವರು ನೋಡುತ್ತಾರೆ. ಆ ಪ್ರಶ್ನೆಗೆ ಕಷ್ಟ ಉತ್ತರವಲ್ಲ.

ಇನ್ನೊಂದು ಮಾತು, ನಮ್ಮ ಭಾಷೆಗಳ ಬಗ್ಗೆ. ಅನೇಕ ಮಕ್ಕಳು ಬ್ಯಾರಿ, ತುಳು, ಉರ್ದುವನ್ನು ಪತ್ರದಲ್ಲಿ ಬರೆಯಲು ಸಂಕೋಚಪಡುತ್ತಾರೆ. ಗಿರಾಕಿಗಳು ಆ ಭಾಷೆಗಳಲ್ಲೇ ಮಾತನಾಡುವ ಆಸ್ಪತ್ರೆ, ಬ್ಯಾಂಕ್, ಆಡಿಟರ್ ಕಚೇರಿಗೆ ಅದು ನೇರ ಉಪಯೋಗದ ವಿಷಯ. ನಾಲ್ಕು ಭಾಷೆ ಬಲ್ಲವನು ಐದನೆಯದರಲ್ಲಿ ತಡವರಿಸಿದರೆ ಅದು ಕೊರತೆಯಲ್ಲ. ಇಂಗ್ಲಿಷ್ ಎಷ್ಟು ಬರುತ್ತದೋ ಅಷ್ಟನ್ನೇ ಹೇಳಿ. ಓದಬಲ್ಲೆ, ಬರೆಯುವಾಗ ಸ್ವಲ್ಪ ನಿಧಾನ ಎನ್ನುವುದರಲ್ಲಿ ತಪ್ಪಿಲ್ಲ.

ಮೊಬೈಲ್ ಬರೆದ ಪತ್ರ

ಈಗ ಪುಸ್ತಕದಂಗಡಿಗೆ ಹೋಗುವ ಕೆಲಸವೂ ಇಲ್ಲ. ಮೊಬೈಲಿಗೆ ಹೇಳಿದರೆ ಕೃತಕ ಬುದ್ಧಿಮತ್ತೆಯೇ ಅರ್ಧ ನಿಮಿಷದಲ್ಲಿ ಪತ್ರ ಬರೆದುಕೊಡುತ್ತದೆ. ಇದು ಹರಾಮೋ ಹಲಾಲೋ ಎಂದು ಒಬ್ಬ ಹುಡುಗ ನಮ್ಮನ್ನು ಕೇಳಿದ. ಉಪಕರಣದಲ್ಲಿ ದೋಷವಿಲ್ಲ, ಬಳಸುವ ರೀತಿಯಲ್ಲಿದೆ ಎಂದೆವು. ನೀವು ಬರೆದದ್ದರ ಕಾಗುಣಿತ, ವ್ಯಾಕರಣ ತಿದ್ದಲು ಬಳಸಿ, ಒಳ್ಳೆಯದೇ. ಹೇಳುವ ಸಂಗತಿಯನ್ನೇ ಅದರಿಂದ ತೆಗೆದುಕೊಂಡರೆ ನಿಮ್ಮ ಹೆಸರಿನಲ್ಲಿ ಇನ್ನಾರೋ ಸಾಕ್ಷಿ ಹೇಳಿದಂತೆ. ಅದು ನೀವು ಮಾಡದ ಕೆಲಸವನ್ನೂ ಮಾಡಿದ್ದೀರಿ ಎಂದು ಸೊಗಸಾಗಿ ಬರೆದುಬಿಡುತ್ತದೆ. ಕೆಳಗೆ ಸಹಿ ಮಾತ್ರ ನಿಮ್ಮದು.

ನಮ್ಮ ಕೋಣೆಯಲ್ಲಿ ಒಂದು ಸುಲಭ ಪರೀಕ್ಷೆ ಇಟ್ಟುಕೊಂಡಿದ್ದೇವೆ. ಪತ್ರದ ಪ್ರತಿ ಇಂಗ್ಲಿಷ್ ವಾಕ್ಯವನ್ನು ಗಟ್ಟಿಯಾಗಿ ಓದಿ, ಕೂಡಲೇ ಮನೆಮಾತಿನಲ್ಲಿ ಉಮ್ಮನಿಗೆ ಹೇಳುವಂತೆ ಹೇಳಬೇಕು. ಹೇಳಲು ಬಾರದ ವಾಕ್ಯವನ್ನು ಹೊಡೆದುಹಾಕಬೇಕು. ಹೇಳುವಾಗ ನಾಚಿಕೆಯಾದರೆ ಅದರಲ್ಲಿ ಸುಳ್ಳೋ ಉತ್ಪ್ರೇಕ್ಷೆಯೋ ಇದೆ, ಅದನ್ನೂ ಹೊಡೆಯಬೇಕು. 'ಡೈನಮಿಕ್' ಹೋದದ್ದು ಹೀಗೆ. ನಾವು ಪ್ರಾಯದಲ್ಲಿ ಈ ಪರೀಕ್ಷೆ ಮಾಡಿದ್ದರೆ ನಮ್ಮ 'ಪ್ರೊಫಿಷಿಯೆಂಟ್' ಕೂಡ ಹೋಗುತ್ತಿತ್ತು.

ಕಳಿಸುವ ಮೊದಲು

ಪತ್ರ ಒಂದು ಪುಟ ಮೀರಬಾರದು, ಅರ್ಧ ಪುಟವಾದರೂ ಸಾಕು. ಇಮೇಲ್ ವಿಳಾಸ ನಿಮ್ಮ ಹೆಸರಿನಲ್ಲಿರಲಿ, ಹೈಸ್ಕೂಲಿನಲ್ಲಿ ತಮಾಷೆಗೆ ಮಾಡಿದ ವಿಳಾಸ ಬೇಡ. ಇಮೇಲಿನ ವಿಷಯದ ಜಾಗವನ್ನು ಖಾಲಿ ಬಿಡದೆ, ಯಾವ ಇಂಟರ್ನ್‌ಶಿಪ್, ಯಾರಿಂದ ಎಂದು ಬರೆಯಿರಿ. ಬಯೋಡೇಟಾವನ್ನು ಪಿಡಿಎಫ್ ಮಾಡಿ ಅದಕ್ಕೂ ನಿಮ್ಮ ಹೆಸರಿಡಿ. ಒಂದೇ ಪತ್ರವನ್ನು ಐದು ಕಡೆಗೆ ಕಳಿಸುವಾಗ ಹಿಂದಿನ ಕಚೇರಿಯ ಹೆಸರು ಉಳಿದಿದೆಯೇ ಎಂದು ಎರಡು ಸಲ ನೋಡಿ. ಫೋನ್ ನಂಬರಿನ ಒಂದು ಅಂಕೆ ತಪ್ಪಿದರೂ ಶ್ರಮವೆಲ್ಲ ವ್ಯರ್ಥ. ಒಂದು ವಾರ ಕಳೆದರೂ ಉತ್ತರ ಬಾರದಿದ್ದರೆ ಎರಡು ಸಾಲಿನಲ್ಲಿ ಒಮ್ಮೆ ನೆನಪಿಸಿ, ದಿನಾ ಫೋನ್ ಮಾಡಬೇಡಿ.

ಎಚ್ಚರಿಕೆಯ ಮಾತೊಂದು. ಇಂಟರ್ನ್‌ಶಿಪ್ ಕೊಡುತ್ತೇವೆ, ಮೊದಲು ನೋಂದಣಿ ಶುಲ್ಕ ಕಟ್ಟಿ ಎಂದು ಯಾರಾದರೂ ಕೇಳಿದರೆ ಅಲ್ಲಿಗೇ ನಿಲ್ಲಿಸಿ. ಕಾಲೇಜಿನ ಉಪನ್ಯಾಸಕರನ್ನೋ ಹಿರಿಯರನ್ನೋ ವಿಚಾರಿಸದೆ ಹಣವನ್ನೂ ಆಧಾರ್ ಪ್ರತಿಯನ್ನೂ ಕಳಿಸಬೇಡಿ.

ಕೊನೆಯದಾಗಿ

ಆ ಹುಡುಗ ಐದು ಕಚೇರಿಗಳಿಗೆ ಪತ್ರ ಕಳಿಸಿದ. ಮೂರು ಕಡೆಯಿಂದ ಉತ್ತರವೇ ಇಲ್ಲ. ಒಂದು ಕಡೆಯವರು ಜಾಗವಿಲ್ಲ ಎಂದರು. ಐದನೆಯವರು ಕರೆದರು. ಹೋಗಿ ಬಂದವನು ಅಸರ್ ನಮಾಝಿನ ಬಳಿಕ ಸಿಕ್ಕಿದ. "ಬರೀ ಮೀನಿನ ಬಗ್ಗೆಯೇ ಕೇಳಿದರು ಉಸ್ತಾದ್" ಎಂದು ನಗುತ್ತಿದ್ದ. ಬಾಕಿ ಪಟ್ಟಿ ಹೇಗೆ ಮಾಡುತ್ತೀಯ, ಹಾಳಾದ ಮೀನನ್ನು ಲೆಕ್ಕದಲ್ಲಿ ಎಲ್ಲಿ ತೋರಿಸುತ್ತೀಯ, ಕೊಡದವರಿಗೆ ಏನು ಹೇಳುತ್ತೀಯ ಎಂದೆಲ್ಲ ಕೇಳಿದರಂತೆ. ಇಂಗ್ಲಿಷಿನಲ್ಲಿ ಶುರು ಮಾಡಿ, ತಡೆದಲ್ಲಿ ಕನ್ನಡಕ್ಕೆ ಬಂದು, ಎಲ್ಲದಕ್ಕೂ ಉತ್ತರಿಸಿದನಂತೆ. ತನ್ನ ಪತ್ರದಲ್ಲಿ ತನಗೆ ತಿಳಿಯದ ಸಾಲು ಒಂದೂ ಇರಲಿಲ್ಲವಾದ್ದರಿಂದ ಹೆದರಲು ಏನೂ ಇರಲಿಲ್ಲ. ಜೂನ್ ಮೊದಲ ವಾರದಿಂದ ಬರಲು ಹೇಳಿದರು, ಅಲ್‌ಹಮ್ದುಲಿಲ್ಲಾಹ್.

ಸಿಗದಿದ್ದರೂ ಆ ಪತ್ರ ಒಳ್ಳೆಯ ಪತ್ರವೇ ಆಗಿರುತ್ತಿತ್ತು. ಉತ್ತರ ಬಾರದ ಮೂರು ಕಚೇರಿಗಳಿಗೂ ಹೋದದ್ದು ಅದೇ ಪತ್ರ. ರಿಜ್ಕ್ ಕೊಡುವವನು ಅಲ್ಲಾಹನು. ನಮ್ಮ ಕೈಯಲ್ಲಿರುವುದು ಇರುವುದನ್ನು ಇರುವಂತೆ ಮುಂದಿಡುವುದು.

ಜಮಾಅತ್ ಕಮಿಟಿಗಳಲ್ಲಿ ನಮ್ಮದೊಂದು ವಿನಂತಿ. ಪ್ರತಿ ಮಸೀದಿಯ ಪಕ್ಕದಲ್ಲೂ ಒಂದು ಕೋಣೆ ಇರುತ್ತದೆ. ತಿಂಗಳಿಗೊಂದು ಸಂಜೆ ಅದನ್ನು ಈ ಕೆಲಸಕ್ಕೆ ಬಿಡಿ. ಒಂದು ಮೇಜು, ನಾಲ್ಕು ಕುರ್ಚಿ, ಸ್ವಲ್ಪ ಇಂಗ್ಲಿಷ್ ಬಲ್ಲ ಒಬ್ಬ ಶಿಕ್ಷಕರು ಅಥವಾ ನಿವೃತ್ತ ಬ್ಯಾಂಕ್ ನೌಕರರು ಇದ್ದರೆ ಸಾಕು. ಹೆಣ್ಣುಮಕ್ಕಳು ತಾಯಂದಿರೊಂದಿಗೆ ಬಂದು ಕೂರಲು ಅನುಕೂಲ ಮಾಡಿಕೊಡಿ. ಪತ್ರವನ್ನು ಅವರಿಗೆ ಬರೆದುಕೊಡಬೇಡಿ. ನಾಲ್ಕು ಪ್ರಶ್ನೆ ಕೇಳಿ, ಅವರು ಬರೆಯುವವರೆಗೆ ಕಾಯಿರಿ.

ಅಲ್ಲಾಹನು ನಮ್ಮ ಮಕ್ಕಳ ಕೈಗೆ ಸತ್ಯದ ಮಾತನ್ನೂ ಹಲಾಲ್ ದುಡಿಮೆಯನ್ನೂ ಕೊಡಲಿ, ಆಮೀನ್.